ಮೂಗಿನ ನೌಕರಿ

ಹೋದ ತಿಂಗಳು ಒಂದು ಸಂಜೆ ಶಹಾಬಜಾರದ ನಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆ. ಹಿಂದಿನ ಓಣಿಯ ಅಣ್ಣಾರು ತಮ್ಮ ಮಗನನ್ನು ಮುಂದೆ ಮಾಡಿಕೊಂಡು ಬಂದರು. ಅವರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ತೊಗರಿ ನೋಡಿ ದರ ಹೇಳುವ ಕೆಲಸದಲ್ಲಿರುವವರು. ಹುಡುಗ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವನು, ಜಾಣ. ಇಬ್ಬರ ಮುಖವೂ ಬಿಗಿದಿತ್ತು.

"ಸರ, ಇವಗ ಬೆಂಗಳೂರು ಕಡೆ ನೌಕರಿ ಸಿಕ್ಕದಂತ್ರಿ. ಏನು ನೌಕರಿ ಅಂತ ನೀವೇ ಕೇಳ್ರಿ."

"ಕಾಕಾ, ಡಿಸ್ಟಿಲರಿ ಲ್ಯಾಬಿನ್ಯಾಗ್ರಿ. ಕ್ವಾಲಿಟಿ ಕಂಟ್ರೋಲ್..."

"ಸುತ್ತಿ ಬಳಸಿ ಹೇಳಬ್ಯಾಡ. ವಿಸ್ಕಿ ಮೂಸಿ ನೋಡೂ ನೌಕರಿ ಅಂತ ಹೇಳು!"

ಅಣ್ಣಾರ ಸಿಟ್ಟಿಗೆ ಕಾರಣವಿತ್ತು. ಅವರ ಸ್ವಂತ ತಮ್ಮ ಸಾರಾಯಿಯಿಂದಲೇ ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು; ಅಷ್ಟರಲ್ಲಿ ಅವರ ಮನೆಗೆ ತಡವಾಗಿತ್ತು. ಇದು ಗೊತ್ತಿದ್ದೇ ಹುಡುಗ ತಲೆ ತಗ್ಗಿಸಿ ನಿಂತಿದ್ದ. ನಾನು ಇಬ್ಬರಿಗೂ ಚಹಾ ತರಿಸಿ, "ಬೈಯೋದು ಆಮ್ಯಾಲ. ಮೊದಲು ಆ ನೌಕರಿ ಏನು ಅಂತ ತಿಳಕೊಳ್ಳೋಣ" ಎಂದೆ. ಅಂದು ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತಿದ್ದೇನೆ. ಪುರವಣಿಯಲ್ಲಿ ಇದೇನು ಹೆಂಡದ ಮಾತು ಎಂದು ತಾಯಂದಿರು ಹುಬ್ಬೇರಿಸುವ ಮೊದಲು ಕೊನೆಯವರೆಗೆ ಓದಬೇಕೆಂದು ವಿನಂತಿ.

ಬಣ್ಣ ಎಲ್ಲಿಂದ ಬಂತು?

ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಬಿಸಿ ನೀರಿನಲ್ಲಿ ಕದಡಿದರೆ ಸಿಹಿ ರಸ ಸಿಗುತ್ತದೆ. ಅದಕ್ಕೆ ಯೀಸ್ಟ್ ಹಾಕಿ ಹುಳಿಸಿ, ತಾಮ್ರದ ಪಾತ್ರೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಮೊಳಕೆ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಯಲ್ಲಿ ಮಾಡಿದ್ದಾದರೆ ಅದು ಸಿಂಗಲ್ ಮಾಲ್ಟ್. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟು ತಿಳಿ, ಬಣ್ಣವೆಂಬುದೇ ಇಲ್ಲ. ಬಣ್ಣ, ಪರಿಮಳದ ದೊಡ್ಡ ಭಾಗ ಬರುವುದು ಆಮೇಲೆ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ.

ಪೀಪಾಯಿಯ ಒಳಮೈಯನ್ನು ಬೆಂಕಿಯಿಂದ ಸುಟ್ಟಿರುತ್ತಾರೆ. ಆ ಕಾವಿಗೆ ಕಟ್ಟಿಗೆಯಲ್ಲಿನ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಐಸ್‌ಕ್ರೀಮಿನಲ್ಲಿ ಮಕ್ಕಳು ಚಪ್ಪರಿಸುವ ವೆನಿಲಾದ ಪರಿಮಳ ಇದೇ ಅಣುವಿನದು. ಓಕ್‌ನ ಇನ್ನೊಂದು ಪದಾರ್ಥ ಕೊಬ್ಬರಿಯ ವಾಸನೆ ಕೊಡುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಎಂಬ ವಿಸ್ಕಿಯನ್ನು ಹೊಸ ಪೀಪಾಯಿಯಲ್ಲೇ ಇಡಬೇಕು. ಹಾಗಾಗಿ ಅವರ ಹಳೆಯ ಪೀಪಾಯಿಗಳು ಲೋಕಕ್ಕೆಲ್ಲ ಮಾರಾಟವಾಗುತ್ತವೆ. ಅವುಗಳಲ್ಲಿ ಬಲಿತದ್ದಕ್ಕೆ ವೆನಿಲಾ, ಕೊಬ್ಬರಿಯ ಛಾಯೆ. ಸ್ಪೇನಿನ ಶೆರಿ ಮದ್ಯ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಅಂಜೂರದ ಛಾಯೆ. ಮೊಳಕೆ ಬಾರ್ಲಿಯನ್ನು ಪೀಟ್ ಎಂಬ ಜೌಗುನೆಲದ ಹೆಂಟೆ ಉರಿಸಿ ಒಣಗಿಸಿದ್ದರೆ ಹೊಗೆಯ ವಾಸನೆ. ಕುಳ್ಳಿನ ಕೆಂಡದಲ್ಲಿ ಸುಟ್ಟ ಸೀತನಿಗೆ ಹೊಗೆ ಅಂಟಿರುತ್ತದಲ್ಲ, ಆ ಜಾತಿಯದು. ಇವನ್ನೆಲ್ಲ ಬಿಡಿಸಿ ಗುರುತಿಸಿ, ಯಾವ ಪೀಪಾಯಿ ಇನ್ನೂ ಕಾಯಬೇಕು, ಯಾವುದು ಕೆಟ್ಟಿದೆ, ಯಾವುದಕ್ಕೆ ಯಾವುದನ್ನು ಬೆರೆಸಬೇಕು ಎಂದು ನಿರ್ಧರಿಸುವುದೇ ಪರೀಕ್ಷಕನ ಕೆಲಸ.

ದೇವದೂತರ ಪಾಲು

"ಅಣ್ಣಾರೆ, ಬ್ಯಾಸಗ್ಯಾಗ ನಿಮ್ಮನಿ ರಂಜಣಿಗಿ ಬೆವರತದಲ್ರಿ?" ಎಂದು ಕೇಳಿದೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಬಂದು ಆರುತ್ತದೆ. ಒಳಗಿನದು ತಂಪಾಗುತ್ತದೆ, ಆದರೆ ಮಟ್ಟ ಇಳಿಯುತ್ತದೆ. ಪೀಪಾಯಿಯ ಕಟ್ಟಿಗೆಯೂ ಹೀಗೆಯೇ ಉಸಿರಾಡುತ್ತದೆ. ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಇದನ್ನು "ದೇವದೂತರ ಪಾಲು" ಎಂದು ಕರೆದರು. ಅಲ್ಲಿನ ಥಂಡಿಯಲ್ಲಿ ದೇವದೂತರು ವರ್ಷಕ್ಕೆ ಸುಮಾರು ಶೇ. 2 ತೆಗೆದುಕೊಂಡರೆ, ಬೆಂಗಳೂರಿನಲ್ಲಿ ಅವರ ಹಸಿವು ಶೇ. 10ರಿಂದ 12!

ಹುಡುಗನ ಕೈಗೆ ಪೆನ್ನು ಕೊಟ್ಟೆ. ಚಕ್ರಬಡ್ಡಿಯ ಲೆಕ್ಕವನ್ನೇ ತಿರುಗಿಸಿ ಮಾಡಿದರಾಯಿತು. 100 ಲೀಟರ್ ಇಟ್ಟು ವರ್ಷಕ್ಕೆ ಶೇ. 11 ಹೋದರೆ ನಾಲ್ಕು ವರ್ಷಕ್ಕೆ ಉಳಿಯುವುದು 63 ಲೀಟರ್, ಎಂಟಕ್ಕೆ 39, ಹನ್ನೆರಡಕ್ಕೆ 25. ಶೇ. 2ರ ಲೆಕ್ಕದಲ್ಲಿ ಹನ್ನೆರಡು ವರ್ಷವಾದರೂ 78 ಲೀಟರ್ ಉಳಿದಿರುತ್ತದೆ. ನಷ್ಟವೇನೋ ನಿಜ. ಆದರೆ ಯಾವ ಶಾಖ ಪಾಲು ಕಸಿಯುತ್ತದೆಯೋ ಅದೇ ಶಾಖ ಕಟ್ಟಿಗೆಯ ಸತ್ವವನ್ನು ಬೇಗ ಹೀರಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ಹತ್ತು ಹನ್ನೆರಡು ವರ್ಷ ಹಿಡಿಯುವ ಬಲಿತ ಇಲ್ಲಿ ನಾಲ್ಕೈದು ವರ್ಷಕ್ಕೇ ಬರುತ್ತದೆ. ಬಾಟಲಿಯ ಮೇಲೆ ಬರೆದ ವಯಸ್ಸು ನೋಡಿಯೇ ಬೆಲೆ ಕಟ್ಟುವವರಿಗೆ ಇದು ಅರ್ಥವಾಗಲು ತಡವಾಯಿತು.

ಇದನ್ನು ಜಗತ್ತಿಗೆ ತೋರಿಸಿದ್ದು ನಮ್ಮ ರಾಜ್ಯದ್ದೇ ಒಂದು ಭಟ್ಟಿ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್, ನೀಲಕಂಠರಾವ್ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಶಹಾಬಾದಿಗೆ ಹೋಗಿ ಪರಸಿ ಕಲ್ಲು ಮಾರಿದ ಹಾಗೆ! ಅಲ್ಲಿ ಹೆಸರು ಹೇಳದೆ ರುಚಿ ತೋರಿಸಿದಾಗ ಅನೇಕರು ತಮ್ಮ ನಾಡಿನದೇ ಎಂದುಕೊಂಡರಂತೆ. ಭಾರತದ್ದು ಎಂದು ಮೊದಲೇ ಹೇಳಿದ್ದರೆ ಮೂಗು ಮುರಿಯುತ್ತಿದ್ದರೋ ಏನೋ. ಮುಂದೆ ಇಲ್ಲಿನ ಬಾರ್ಲಿಯೊಂದಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿ ಸೇರಿಸಿ ಮಾಡಿದ "ಫ್ಯೂಷನ್"ಗೆ ಜಿಮ್ ಮರ್‍ರೆ ಎಂಬ ಇಂಗ್ಲಿಷ್ ವಿಮರ್ಶಕರು ತಮ್ಮ 2010ರ ವಾರ್ಷಿಕ ಕೈಪಿಡಿಯಲ್ಲಿ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿರಿಸಿದರು. ವಾಸನೆಗೆ 25, ರುಚಿಗೆ 25, ನುಂಗಿದ ಮೇಲೆ ಉಳಿಯುವ ಸ್ವಾದಕ್ಕೆ 25, ಒಟ್ಟು ಹದಕ್ಕೆ 25: ಇದು ಅವರ ಅಂಕಪಟ್ಟಿ.

ಕಣ್ಣು ಮೂಗಿಗೆ ಹೇಳುವ ಸುಳ್ಳು

"ದಿನಾ ಕುಡದು ಕುಡದು ಅಂಕ ಹಾಕ್ತಾರೇನ್ರಿ?" ಎಂದರು ಅಣ್ಣಾರು. ಇಲ್ಲ. ಭಟ್ಟಿಯ ಪರೀಕ್ಷಕನ ಹೆಚ್ಚಿನ ಕೆಲಸ ಮೂಗಿನದೇ. ಕೆಳಗೆ ಅಗಲ, ಮೇಲೆ ಕಿರಿದಾದ ಗ್ಲಾಸಿನಲ್ಲಿ ಒಂದಿಷ್ಟು ಹಾಕಿ, ದೂರದಿಂದ ಮೂಸುತ್ತಾನೆ. ಮೂಗು ಒಳಗೇ ತುರುಕಿದರೆ ಆಲ್ಕೊಹಾಲಿನ ಘಾಟಿಗೆ ಅದು ಜಡವಾಗುತ್ತದೆ. ನಂತರ ನೀರು ಬೆರೆಸುತ್ತಾನೆ. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು ನೀರು ಬೆರೆತಾಗ ದ್ರವದ ಮೇಲ್ಮೈಗೆ ಬರುತ್ತದೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಬಾಯಿಗೆ ಹಾಕಿಕೊಂಡರೂ ನಾಲಿಗೆಯ ಮೇಲೆ ಆಡಿಸಿ ಉಗುಳುತ್ತಾನೆ. ಸೆಂಟು ಹಚ್ಚುವಂತಿಲ್ಲ, ಜರ್ದಾ ಹಾಕುವಂತಿಲ್ಲ. ನೆಗಡಿ ಬಂದರೆ ಅಂದಿನ ಕೆಲಸ ಬಂದ್.

ಎಲ್ಲಕ್ಕಿಂತ ದೊಡ್ಡ ನಿಯಮ, ಚೀಟಿ ಮುಚ್ಚಿಡುವುದು. ಯಾವ ಭಟ್ಟಿಯದು, ಎಷ್ಟು ವರ್ಷದ್ದು, ಏನು ಬೆಲೆ ಎಂಬುದು ಪರೀಕ್ಷಕನಿಗೆ ತಿಳಿಯಬಾರದು. ಬಣ್ಣವೂ ಕಾಣದಿರಲೆಂದು ಕೆಲವರು ನೀಲಿ ಗ್ಲಾಸು ಬಳಸುತ್ತಾರೆ. ಏಕೆಂದರೆ ಕಣ್ಣು ಮೂಗಿಗೆ ಸುಳ್ಳು ಹೇಳುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗವೊಂದರಲ್ಲಿ ಮದ್ಯಶಾಸ್ತ್ರ ಓದುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಅದರಲ್ಲಿ ಕೆಂಪು ವೈನಿನ ಪರಿಮಳಗಳನ್ನೇ ವರ್ಣಿಸಿದರು! ಓದಿದವರ ಮೂಗೇ ಹೀಗಾದರೆ ಉಳಿದವರ ಪಾಡೇನು?

ಅಣ್ಣಾರು ನಕ್ಕರು. "ಅವರದು ಬಿಡ್ರಿ. ನಮ್ಮ ಕಲಬುರಗಿ ಬ್ಯಾಳಿ ನಾ ಕಣ್ಣು ಮುಚ್ಚಿ ಹೇಳ್ತೀನಿ."

ಎಂಟು ಬಟ್ಟಲು ಬೇಳೆ

ಸಿಕ್ಕಿತಲ್ಲ ಅವಕಾಶ! ಮುಂದಿನ ರವಿವಾರ ನಮ್ಮ ಮನೆಯಲ್ಲೇ ಪರೀಕ್ಷೆ ಇಟ್ಟೆವು. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆ ಒಂದು, ಹೊರಗಿನದು ಇನ್ನೊಂದು. ನಮ್ಮ ಮನೆಯವರು ಎರಡನ್ನೂ ಬೇರೆ ಬೇರೆ ಕುಕ್ಕರಿನಲ್ಲಿ, ಉಪ್ಪು ಅರಿಸಿಣ ಹಾಕದೆ, ಒಂದೇ ಹದಕ್ಕೆ ಕುದಿಸಿಕೊಟ್ಟರು. ಹುಡುಗ ಎಂಟು ಬಟ್ಟಲು ತುಂಬಿದ, ನಾಲ್ಕು ಇದು, ನಾಲ್ಕು ಅದು. ತಳಕ್ಕೆ ಗುರುತಿನ ಚೀಟಿ ಅಂಟಿಸಿ, ಚೀಟಿ ಎತ್ತಿ ಕ್ರಮ ನಿರ್ಧರಿಸಿ ಸಾಲಾಗಿಟ್ಟು ಆಚೆ ಹೋದ. ತಂದೆಯ ಕಣ್ಣಿಗೆ ಟವೆಲ್ ಕಟ್ಟಿ, ಒಂದೊಂದೇ ಬಟ್ಟಲು ಕೈಗೆ ಕೊಟ್ಟವನು ನಾನು. ಯಾವುದು ಯಾವುದೆಂದು ನನಗೂ ಗೊತ್ತಿರಲಿಲ್ಲ.

ಈ ಪದ್ಧತಿ ನನ್ನದಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದ್ದರೋ ಚಹಾ ಹಾಕಿದ್ದರೋ ಕುಡಿದು ಹೇಳಬಲ್ಲೆ ಎಂದಿದ್ದರು. ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ ಇದನ್ನೇ ಎಂಟು ಕಪ್ಪಿನ ಪರೀಕ್ಷೆಯಾಗಿ 1935ರ ತಮ್ಮ ಪುಸ್ತಕದಲ್ಲಿ ಬರೆದರು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ; ನಾಲ್ಕೂ ಸರಿಯಾಗುವುದು ಒಂದೇ ದಾರಿಯಲ್ಲಿ. ಆದ್ದರಿಂದ ಬರೀ ಊಹೆಯಿಂದ ಗೆಲ್ಲುವುದು ಕಷ್ಟ. ಬಿ.ಎಸ್ಸಿ.ಯವರು ಬಾಯಿಪಾಠ ಮಾಡುವ "ಸ್ಟೂಡೆಂಟ್ಸ್ ಟಿ-ಟೆಸ್ಟ್" ಕೂಡ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ರಸಾಯನತಜ್ಞ ವಿಲಿಯಂ ಗಾಸೆಟ್ ಕೊಟ್ಟದ್ದು. ಕಾರ್ಖಾನೆ ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಬಿಡದ್ದರಿಂದ 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ ಬರೆದರು.

ಅಣ್ಣಾರು ಎಂಟೂ ಬಟ್ಟಲಿನ ಬೇಳೆಯನ್ನು ನಿಧಾನವಾಗಿ ಬಾಯಲ್ಲಿ ಕರಗಿಸಿ, ನಾಲ್ಕನ್ನು ಬೇರೆ ಇಟ್ಟರು. ತಳ ನೋಡಿದರೆ ಮೂರು ಸರಿ, ಒಂದು ತಪ್ಪು.

"ಮೂರು ಬಂದ್ವಲ್ಲ!" ಎಂದರು. ಹುಡುಗ ಲೆಕ್ಕ ಹಾಕಿ ಮೆಲ್ಲಗೆ ಹೇಳಿದ: "ಅಪ್ಪಾ, ಮೂರು ಸರಿ ಬರೋ ದಾರಿ 16, ನಾಲ್ಕೂ ಬರೋದು 1. ಕೂಡಿ 70ರಾಗ 17. ಬರೀ ಅದೃಷ್ಟದ ಮ್ಯಾಲೆ ಹೇಳಿದ್ರೂ ನಾಲ್ಕು ಸಲಕ್ಕೊಮ್ಮೆ ಹಿಂಗ ಬರ್ತದ."

ಅಣ್ಣಾರಿಗೆ ಗೊತ್ತಿಲ್ಲವೆಂದು ಇದರ ಅರ್ಥವಲ್ಲ. ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಸಾಲದು, ಅಷ್ಟೇ. ಅವರು ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ.

"ಸರ, ಗಂಜಿನ್ಯಾಗ ರೈತ ಚೀಲ ಇಳಸ್ತಾನ. ನಾ ಒಂದು ಮುಷ್ಟಿ ತೊಗರಿ ತಗೋತೀನಿ, ಕಡದು ನೋಡ್ತೀನಿ. ಆದರ ಯಾವ ಊರಿನವ, ಯಾರ ಹೊಲದ ಮಾಲು ಅಂತ ಗೊತ್ತಾದ ಕೂಡಲೇ ಅರ್ಧ ದರ ಮನಸಿನ್ಯಾಗ ಆಗೇ ಹೋಗಿರ್ತದ್ರಿ. ಕಡಿಯೋದು ಬರೇ ಶಾಸ್ತ್ರಕ್ಕ. ಮೂವತ್ತು ವರ್ಷದಾಗ ಎಷ್ಟು ಮಂದಿಗೆ ಕಮ್ಮಿ ಹೇಳೀನೋ ಏನೋ."

ವಿಸ್ಕಿಗೆ ಎರಡು ಅಂಕ ಹೆಚ್ಚುಕಡಿಮೆಯಾದರೆ ಯಾರ ಮನೆಯೂ ಮುಳುಗುವುದಿಲ್ಲ. ರೈತನ ವರ್ಷದ ದುಡಿಮೆ ಒಂದು ಕಡಿತದ ಮೇಲೆ ನಿಂತಿರುತ್ತದೆ. ಚೀಟಿ ಮುಚ್ಚಿ ನೋಡುವ ಆ ಶಿಸ್ತು ಯಾವ ಬಾಟಲಿಗಿಂತಲೂ ಮೊದಲು ಬೇಕಾದದ್ದು ಗಂಜಿಗೆ, ಉತ್ತರಪತ್ರಿಕೆ ತಿದ್ದುವ ನಮ್ಮಂಥ ಮಾಸ್ತರಿಗೆ. ಪರೀಕ್ಷಕನಿಗೆ ಚುರುಕು ಮೂಗಿದ್ದರೆ ಸಾಲದು. ತನ್ನ ಮೂಗನ್ನು ತಾನೇ ಪೂರ್ತಿ ನಂಬದ ಗುಣವೂ ಇರಬೇಕು.

ಉಗುಳುವುದೋ, ನುಂಗುವುದೋ

ನೌಕರಿಯ ಮಾತು ಮತ್ತೆ ಬಂತು. ಮುಚ್ಚುಮರೆ ಮಾಡಲಿಲ್ಲ. ಮದ್ಯವು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿದೆ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ, ಮೂಗು ನಾಲಿಗೆಯ ಈ ವಿದ್ಯೆಗೆ ಭಟ್ಟಿಯೊಂದೇ ಮನೆಯಲ್ಲ ಎಂಬುದನ್ನೂ ಹುಡುಗನಿಗೆ ಹೇಳಿದೆ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ, ರುಚಿ ಪರೀಕ್ಷೆಯೇ ಅಲ್ಲೊಂದು ಶಾಸ್ತ್ರ. ಕಾಫಿ ಮಂಡಳಿ ಕಾಫಿಯ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅಲ್ಲಿಯೂ ಸೊರ್ರನೆ ಹೀರಿ ಉಗುಳುವುದೇ ಕೆಲಸ.

ಅಣ್ಣಾರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಉಗುಳ್ತಾರ ಅಂತ ನೀವು ಹೇಳ್ತೀರಿ. ನನ್ನ ತಮ್ಮನೂ ಮೊದಲು ಬರೇ ರುಚಿ ನೋಡ್ತೀನಿ ಅಂದಿದ್ದ. ಇವ ಉಗುಳ್ತಾನೋ ನುಂಗ್ತಾನೋ, ಅಲ್ಲಿ ಯಾರು ನೋಡ್ತಾರ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಬಾಟಲಿಯ ಚೀಟಿಯನ್ನು ಬೇರೆಯವರು ಮುಚ್ಚಿಕೊಡಬಹುದು. ಈ ಪರೀಕ್ಷೆಗೆ ಮಾತ್ರ ಪರೀಕ್ಷಕನೂ ಅವನೇ, ವಿದ್ಯಾರ್ಥಿಯೂ ಅವನೇ. ಹುಡುಗನೇ ಮಾತಾಡಿದ: "ಅಪ್ಪಾ, ಮೊದಲು ಮೈಸೂರಿಗೆ ಅರ್ಜಿ ಹಾಕ್ತೀನಿ. ಸಿಗದಿದ್ರ ಆ ನೌಕರಿ ವಿಚಾರ ಮತ್ತ ನಿನ್ನ ಮುಂದ ಕುಂತೇ ಮಾಡ್ತೀನಿ."

ಅಣ್ಣಾರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಏಳುವಾಗ ಮಾತ್ರ ಮಗನಿಗೆ, "ನಾಳಿ ಅಂಗಡಿಗಿ ಬಾ. ಚೀಲದ ಮ್ಯಾಲಿನ ಹೆಸರು ಕಾಣಧಂಗ ಹ್ಯಾಂಗ ಮಾಡೋದು, ನೋಡೋಣ" ಎಂದರು.

ನೀವೂ ಮನೆಯಲ್ಲಿ ಎಂಟು ಬಟ್ಟಲಿನ ಪರೀಕ್ಷೆ ಮಾಡಿ ನೋಡಿ. ಬೇಳೆಯಾದರೂ ಸರಿ, ಚಹಾ ಆದರೂ ಸರಿ. ಸೋತರೆ ಬೇಸರ ಬೇಡ.