ಇಪ್ಪತ್ತು ಯೂನಿಟ್ಟೋ, ಐವತ್ತೋ?

ಕೊಟ್ಟೂರೇಶ್ವರನ ತೇರಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳೂ ಬಂದಿದ್ದಳು. ಜಿಎನ್ಎಂ ನರ್ಸಿಂಗ್ ಮುಗಿಸಿ, ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೇ. ಮನೆ ತುಂಬಾ ನೆಂಟರು, ಮಂಡಕ್ಕಿ, ಮಿರ್ಚಿ, ಗದ್ದಲ. ಇವಳು ಮಾತ್ರ ಮಾಳಿಗೆ ಮೇಲೆ ಒಬ್ಬಳೇ ಕೂತಿದ್ದಳು. "ಅಣ್ಣಾ, ನಾ ಮತ್ತೆ ಆ ಕೆಲಸಕ್ಕೆ ಹೋಗಲ್ಲ" ಅಂದಳು.

ಬಿಡಿಸಿ ಕೇಳಿದೆ. ಸೇರಿದ ಎರಡನೇ ವಾರಕ್ಕೇ ನೈಟ್ ಡ್ಯೂಟಿ. ಮೂವತ್ತು ರೋಗಿಗಳಿಗೆ ಇವಳೊಬ್ಬಳು, ಜೊತೆಗೊಬ್ಬ ಆಯಾ. ಬೆಳಗಿನ ಜಾವ, ತಿಂಡಿಗೆ ಮುಂಚೆ, ಅಜ್ಜನೊಬ್ಬನಿಗೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಟ್ರೇಯಲ್ಲಿ ಕೈಗೆ ಸಿಕ್ಕ ಸಿರಿಂಜಿನಲ್ಲಿ ಇಪ್ಪತ್ತರ ಗೆರೆವರೆಗೆ ಎಳೆದಳು. ಹತ್ತಿ ಕೇಳಲು ಬಂದ ಪಕ್ಕದ ವಾರ್ಡಿನ ಹಿರಿಯ ಸಿಸ್ಟರ್ ಅದನ್ನು ನೋಡಿ ಕೈ ಹಿಡಿದು ನಿಲ್ಲಿಸಿದರು.

ವಿಷಯ ಇಷ್ಟೇ. ನಮ್ಮಲ್ಲಿ ಇನ್ಸುಲಿನ್ ಎರಡು ಬಗೆಯಲ್ಲಿ ಬರುತ್ತದೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಎರಡಕ್ಕೂ ಸಿರಿಂಜ್ ಬೇರೆ ಬೇರೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ಎಳೆದರೆ ಮೈಗೆ ಹೋಗುವುದು ಐವತ್ತು ಯೂನಿಟ್. ಸಕ್ಕರೆ ಪಾತಾಳಕ್ಕಿಳಿದು ಅಜ್ಜ ಏಳದೇ ಹೋಗಬಹುದಿತ್ತು.

ನನಗೆ ಥಟ್ಟನೆ ನೆನಪಾದದ್ದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1999ರಲ್ಲಿ ಅದು ಕಳೆದುಹೋಗಿದ್ದೂ ಇಂಥದ್ದೇ ತಪ್ಪಿಗೆ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡಿನಲ್ಲಿ ಲೆಕ್ಕ ಕೊಟ್ಟರೆ, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಂದುಕೊಂಡರು. ಅಷ್ಟು ದೊಡ್ಡ ಎಂಜಿನಿಯರುಗಳೇ ಎಡವಿದ ಕಡೆ ಎರಡು ವಾರದ ಹುಡುಗಿ ಎಡವಿದರೆ ಆಶ್ಚರ್ಯವೇನು?

ನಾನು ಕೆಲಸಕ್ಕೆ ಸೇರಿದಾಗ ಮೂರು ತಿಂಗಳು ಬರೀ ಟ್ರೈನಿಂಗು. ಆಮೇಲೂ ನಾನು ಬರೆದ ನಾಲ್ಕು ಸಾಲು ಕೋಡನ್ನು ಸೀನಿಯರ್ ನೋಡದೆ ಮುಂದೆ ಬಿಡುತ್ತಿರಲಿಲ್ಲ. ನಾನು ತಪ್ಪಿದರೆ ಹೆಚ್ಚೆಂದರೆ ಒಂದು ವೆಬ್‌ಸೈಟ್ ನಿಲ್ಲುತ್ತಿತ್ತು. ಅವಳು ತಪ್ಪಿದರೆ?

ಕೋರ್ಸಿನಲ್ಲೇ ಇಂಟರ್ನ್‌ಶಿಪ್ ಇದೆಯಲ್ಲ ಅನ್ನಬಹುದು. ಇದೆ, ನಿಜ. ಆದರೆ ಆಗ ಜವಾಬ್ದಾರಿ ಬೇರೆಯವರದು. ಸರ್ಟಿಫಿಕೇಟ್ ಕೈಗೆ ಬಂದ ಮರುದಿನ ಅದೆಲ್ಲ ಒಮ್ಮೆಲೇ ತಲೆ ಮೇಲೆ ಬೀಳುತ್ತದೆ. ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ಈ ಬಗ್ಗೆ ಪುಸ್ತಕ ಬರೆದು ಇದನ್ನು 'ರಿಯಾಲಿಟಿ ಶಾಕ್' ಅಂದರು. ಈಗ ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಹೊಸ ನರ್ಸುಗಳಿಗೆ ಸುಮಾರು ಒಂದು ವರ್ಷದ ರೆಸಿಡೆನ್ಸಿ ಇದೆ.

ನನಗೆ ಸಿಟ್ಟು ಬಂದದ್ದು ಆಮೇಲೆ ನಡೆದದ್ದು ಕೇಳಿ. ಬೆಳಿಗ್ಗೆ ಎಲ್ಲರೆದುರು ಅವಳಿಗೆ ಬೈದರಂತೆ. ಟ್ರೇಯಲ್ಲಿದ್ದ ಎರಡು ಬಗೆಯ ಸಿರಿಂಜ್ ಮಾತ್ರ ಹಾಗೇ ಉಳಿದವು! ಬಗ್ ಸರಿಮಾಡದೆ ಪ್ರೋಗ್ರಾಮರ್‌ಗೆ ಬೈದ ಹಾಗೆ. ಮುಂದಿನ ಸಲ ಯಾರಾದರೂ ತಪ್ಪು ಮಾಡಿದರೆ ಹೇಳುತ್ತಾರಾ? ಮುಚ್ಚಿಡುತ್ತಾರೆ.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಅದಕ್ಕೆ ಸೇರಿದವು. ಕಷ್ಟದ ಕೇಸಾದರೆ ಈಗಲೂ ಬಳ್ಳಾರಿಗೋ ದಾವಣಗೆರೆಗೋ ಓಡುತ್ತೇವೆ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರು ಬೇಕೆಂದು ಕೇಳುತ್ತೇವೆ. ಆದರೆ ರಾತ್ರಿಯಿಡೀ ನಮ್ಮ ಅಪ್ಪ-ಅಮ್ಮನ ಮಂಚದ ಪಕ್ಕ ಇರುವವಳು ಇಂಥ ಹುಡುಗಿಯೇ.

ನಾನು ಕೇಳುವುದು ದೊಡ್ಡದೇನಲ್ಲ. ಮೊದಲ ಮೂರು ತಿಂಗಳು ಒಂಟಿಯಾಗಿ ನೈಟ್ ಡ್ಯೂಟಿ ಬೇಡ. ಪ್ರತಿ ಹೊಸಬಳಿಗೂ ಇಂಥವರನ್ನೇ ಕೇಳು ಎಂದು ಒಬ್ಬ ಹಿರಿಯ ಸಿಸ್ಟರ್ ಇರಲಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥವನ್ನು ಇಬ್ಬರು ನೋಡಿಯೇ ಕೊಡಲಿ. ತಪ್ಪು ಹೇಳಿಕೊಂಡವಳಿಗೆ ಶಿಕ್ಷೆ ಬೇಡ. ಜನ ಸಾಲದು ಅನ್ನುವ ಆಸ್ಪತ್ರೆಯವರಿಗೆ ಒಂದೇ ಮಾತು: ಹೆದರಿ ಕೆಲಸ ಬಿಟ್ಟು ಹೋದರೆ ಇನ್ನೂ ಸಾಲದು.

ತೇರು ಮುಗಿದ ಮೂರನೇ ದಿನ ಅವಳನ್ನು ಬಸ್ ಹತ್ತಿಸಿದೆ. ಆ ಹಿರಿಯ ಸಿಸ್ಟರ್ ಇರುವ ಶಿಫ್ಟನ್ನೇ ಕೇಳ್ತೀನಿ ಅಂದಳು. ಕೊಡುತ್ತಾರೋ ಇಲ್ಲವೋ...

ನಿಮ್ಮಲ್ಲಿ ಯಾರಾದರೂ ನರ್ಸ್ ಇದ್ದರೆ ಹೇಳಿ, ನಿಮ್ಮ ಮೊದಲ ನೈಟ್ ಡ್ಯೂಟಿ ಹೇಗಿತ್ತು?