ಕೂಡಿಸುವುದೋ, ಕಳೆಯುವುದೋ?

ಬೆಳ್ತಂಗಡಿ ಪೇಟೆಯ ಅಂಗಡಿಯವರಿಗೂ, ಉಜಿರೆ–ಗುರುವಾಯನಕೆರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೂ ಇವತ್ತು ಒಂದು ಬಾಯಿಲೆಕ್ಕ. ಪೆನ್ನು ಬೇಡ. ಮೊಬೈಲು ಕಿಸೆಯಲ್ಲೇ ಇರಲಿ.

ಶಾಲೆಯಲ್ಲಿ ಸ್ವಾತಂತ್ರ್ಯ ದಿನ. ಮಾಸ್ಟ್ರು ಮಿಠಾಯಿ ತಂದಿದ್ದಾರೆ. ಮಗುವಿಗೆ ಮೂರರಂತೆ ಹಂಚಿದರೆ 8 ಉಳಿಯುತ್ತದೆ. ನಾಲ್ಕರಂತೆ ಹಂಚಲು ಹೋದರೆ 6 ಕಮ್ಮಿ ಬೀಳುತ್ತದೆ. ಮಕ್ಕಳೆಷ್ಟು? ಮಿಠಾಯಿ ಎಷ್ಟು?

ಗಲ್ಲಾದ ಹಿಂದೆ ಕೂತು ಅಭ್ಯಾಸ ಇರುವವರಿಗೆ ಇದೊಂದು ಲೆಕ್ಕವೇ ಅಲ್ಲ. ಮೂರು ಮೂರು ಕೊಟ್ಟಾಯಿತು, ಕೈಯಲ್ಲಿ 8 ಉಂಟು. ಇನ್ನು ಒಂದೊಂದು ಹೆಚ್ಚಿಗೆ ಕೊಡಬೇಕು. 8 ಮಕ್ಕಳಿಗೆ ಸಿಕ್ಕಿತು, 6 ಮಕ್ಕಳಿಗೆ ಸಿಗಲಿಲ್ಲ. ಅಲ್ಲಿಗೆ ಮಕ್ಕಳು 14. ಮಿಠಾಯಿ, 14 ಮೂರ್ಲಿ 42, ಮೇಲೆ 8, ಒಟ್ಟು 50. ಮುಗಿಯಿತು.

ಇದೇ ಲೆಕ್ಕವನ್ನು ಐದನೇ ಕ್ಲಾಸಿನ ಮಗುವಿಗೆ ಹಾಕಿ ನೋಡಿ. ಅದರಲ್ಲೂ ಟ್ಯೂಷನ್ನಿಗೆ ಹೋಗುವ, ಗೈಡು ಓದುವ ಚುರುಕಿನ ಮಗುವಿಗೆ ಹಾಕಿ. ಎಷ್ಟೋ ಮಕ್ಕಳು ಮಿಠಾಯಿಯ ಯೋಚನೆ ಮಾಡುವುದಿಲ್ಲ, ಹಂಚುವ ಯೋಚನೆಯೂ ಮಾಡುವುದಿಲ್ಲ. ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತವೆ: ‘ಇದು ಕೂಡಿಸುವುದಾ, ಕಳೆಯುವುದಾ?’

ಈ ಪ್ರಶ್ನೆಯೇ ಇವತ್ತಿನ ನಮ್ಮ ವಿಷಯ.

ಗೈಡಿನ ಮಂತ್ರ

ಈ ಜಾತಿಯ ಲೆಕ್ಕಕ್ಕೆ ಒಂದು ಸೂತ್ರ ಉಂಟು. ಒಂದು ಸಲ ಹೆಚ್ಚು, ಇನ್ನೊಂದು ಸಲ ಕಮ್ಮಿ ಬಂದರೆ ಎರಡನ್ನೂ ಕೂಡಿಸು. ಎರಡು ಸಲವೂ ಹೆಚ್ಚು ಬಂದರೆ, ಇಲ್ಲವೇ ಎರಡು ಸಲವೂ ಕಮ್ಮಿ ಬಂದರೆ ದೊಡ್ಡದರಲ್ಲಿ ಸಣ್ಣದನ್ನು ಕಳೆ. ಬಂದದ್ದನ್ನು ಪಾಲಿನ ವ್ಯತ್ಯಾಸದಿಂದ ಭಾಗಿಸು. ಅದೇ ಮಕ್ಕಳ ಸಂಖ್ಯೆ.

ಸೂತ್ರ ತಪ್ಪಲ್ಲ. ನೂರಕ್ಕೆ ನೂರು ಸರಿ. ಅದನ್ನು ಬಾಯಿಪಾಠ ಮಾಡಿಸುವವರದ್ದೂ ದೊಡ್ಡ ಅಪರಾಧವೇನಲ್ಲ. ಅವರ ತಲೆಯಲ್ಲಿರುವುದು ಪರೀಕ್ಷೆ. ನಮ್ಮ ಜಿಲ್ಲೆಯ ನವೋದಯ ಶಾಲೆ ಮುಡಿಪಿನಲ್ಲಿದೆ. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದಕ್ಕೆ ಐದನೇ ಕ್ಲಾಸಿನಲ್ಲೇ ಪ್ರವೇಶ ಪರೀಕ್ಷೆ. ಎರಡು ಗಂಟೆಯಲ್ಲಿ 80 ಪ್ರಶ್ನೆ, ಅದರಲ್ಲಿ 20 ಅಂಕಗಣಿತದ್ದು. ಲೆಕ್ಕ ಹಾಕಿ ನೋಡಿ, ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಇಷ್ಟು ಅವಸರದಲ್ಲಿ ಯೋಚನೆ ಮಾಡುತ್ತಾ ಕೂತರೆ ಆಗುತ್ತದಾ, ಸೂತ್ರ ಹಾಕಿ ಟಿಕ್ ಮಾಡಿ ಮುಂದೆ ಹೋಗಬೇಕು ಎನ್ನುವುದು ಟ್ಯೂಷನ್ನಿನವರ ವಾದ. ಹೆತ್ತವರಿಗೂ ಅದು ಸರಿ ಎಂದೇ ಕಾಣುತ್ತದೆ.

ಸರಿ. ಹಾಗಾದರೆ ಇನ್ನೊಂದು ಲೆಕ್ಕ ಹಾಕೋಣ.

ಬೆಂಚಿನ ಲೆಕ್ಕ

ಒಂದು ಕ್ಲಾಸು. ಬೆಂಚಿಗೆ 4 ಮಕ್ಕಳಂತೆ ಕೂರಿಸಿದರೆ 6 ಮಕ್ಕಳಿಗೆ ಜಾಗ ಇಲ್ಲ. 5 ಮಕ್ಕಳಂತೆ ಕೂರಿಸಿದರೆ ಒಂದು ಬೆಂಚು ಪೂರಾ ಖಾಲಿ. ಬೆಂಚು ಎಷ್ಟು? ಮಕ್ಕಳೆಷ್ಟು?

ಸೂತ್ರ ಉರು ಹೊಡೆದ ಮಗುವಿಗೆ 6 ಕಂಡಿತು, 1 ಕಂಡಿತು. ಒಂದು ಹೆಚ್ಚು, ಒಂದು ಕಮ್ಮಿ. ಕೂಡಿಸು! 7. ಪಾಲಿನ ವ್ಯತ್ಯಾಸ 1. ಹಾಗಾಗಿ 7 ಬೆಂಚು, 34 ಮಕ್ಕಳು. ಟಿಕ್.

ಈಗ ಆ 34 ಮಕ್ಕಳನ್ನು ಬೆಂಚಿಗೆ ಐದರಂತೆ ಕೂರಿಸಿ. ಆರು ಬೆಂಚಿನಲ್ಲಿ 30 ಮಕ್ಕಳಾದರು. ಉಳಿದ ನಾಲ್ವರು ಏಳನೇ ಬೆಂಚಿನಲ್ಲಿ ಕೂತಿದ್ದಾರೆ. ಖಾಲಿ ಬೆಂಚು ಎಲ್ಲಿ ಮಾರಾಯ್ರೆ?

ಒಂದು ಬೆಂಚು ಖಾಲಿ ಎಂದರೆ ಕಮ್ಮಿ ಬಿದ್ದದ್ದು ಒಂದಲ್ಲ, ಐದು ಮಕ್ಕಳು. ಆರು ಮತ್ತು ಐದು ಹನ್ನೊಂದು. ಬೆಂಚು 11, ಮಕ್ಕಳು 50. ಹತ್ತು ಬೆಂಚಿನಲ್ಲಿ ಐದರಂತೆ ಐವತ್ತು ಮಂದಿ ಕೂತರು, ಹನ್ನೊಂದನೆಯದು ಖಾಲಿ. ತಾಳೆ ಬಂತು.

ಇಲ್ಲಿ ಎಡವಿದ ಮಗುವಿಗೆ ಲೆಕ್ಕ ಬರುವುದಿಲ್ಲವೇ? ಕೂಡಿಸಲಿಕ್ಕೆ ಬರುತ್ತದೆ, ಭಾಗಿಸಲಿಕ್ಕೂ ಬರುತ್ತದೆ. ಏನನ್ನು ಕೂಡಿಸುತ್ತಿದ್ದೇನೆ ಎಂಬುದು ಮಾತ್ರ ಗೊತ್ತಿಲ್ಲ. ಪ್ರಶ್ನೆ ತಯಾರಿಸುವವರಿಗೂ ಈ ಸೂತ್ರ ಗೊತ್ತುಂಟು. ಬೆಂಚನ್ನು ಖಾಲಿ ಬಿಟ್ಟು ಸೂತ್ರವನ್ನು ಕೆಡವುವುದು ಅವರಿಗೆ ಕಷ್ಟವಲ್ಲ. ಆ ಒಂದೂವರೆ ನಿಮಿಷದಲ್ಲಿ ಮಗುವಿನ ಕೈ ಹಿಡಿಯುವುದು ಯಾವುದು, ಸೂತ್ರವೋ, ಬುದ್ಧಿಯೋ?

ಚೆನ್ನೆಮಣೆ ತೆಗೆಯಿರಿ

ಕಾರಣ ತಿಳಿಸಿ ಕಲಿಸಲು ದೊಡ್ಡ ವಿದ್ವತ್ತು ಬೇಡ. ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ ಚೆನ್ನೆಮಣೆ ಇದೆ. ಆಟಿ ತಿಂಗಳಲ್ಲಿ ಇಳಿಯುತ್ತದೆ, ಮತ್ತೆ ಮೇಲೆ ಹೋಗುತ್ತದೆ. ಅದರಲ್ಲಿ ಗುಳಿ ಎಷ್ಟು? ಆಚೆ ಏಳು, ಈಚೆ ಏಳು, ಒಟ್ಟು 14. ಗುಳಿಗೆ ನಾಲ್ಕರಂತೆ 56 ಬೀಜ ಇದ್ದರೆ ಆಟ ಶುರು.

ಮಗುವಿನ ಕೈಗೆ 50 ಬೀಜ ಮಾತ್ರ ಕೊಡಿ. ಗುಳಿಗೆ ಮೂರರಂತೆ ತುಂಬಿಸಲಿ. ಕೈಯಲ್ಲಿ 8 ಉಳಿಯಿತು. ಆ ಎಂಟನ್ನೂ ಒಂದೊಂದಾಗಿ ಹಾಕುತ್ತಾ ಹೋಗಲಿ. ಆರು ಗುಳಿಗೆ ಬರಲಿಲ್ಲ. ಉಳಿದ ಎಂಟು, ಬಾರದ ಆರು, ಎರಡೂ ಸೇರಿದರೆ ಹದಿನಾಲ್ಕು ಗುಳಿ. ಯಾಕೆ ಕೂಡಿಸಬೇಕು ಎಂದು ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಗೇ ಕಂಡಿತು.

ಕಳೆಯುವುದು ಯಾಕೆ? ಅದನ್ನೂ ನೋಡಿ. ಮೂರರಂತೆ ಕೊಟ್ಟರೆ 20 ಉಳಿಯುತ್ತದೆ, ಐದರಂತೆ ಕೊಟ್ಟರೆ 4 ಉಳಿಯುತ್ತದೆ. ಇಪ್ಪತ್ತು ಇದ್ದದ್ದು ನಾಲ್ಕಕ್ಕೆ ಇಳಿಯಿತು. 16 ಎಲ್ಲಿಗೆ ಹೋಯಿತು? ಒಬ್ಬೊಬ್ಬರಿಗೆ ಎರಡೆರಡು ಹೆಚ್ಚಿಗೆ ಕೊಟ್ಟದ್ದಕ್ಕೆ ಹೋಯಿತು. ಹಾಗಾದರೆ 8 ಮಂದಿ. ಒಟ್ಟು 44. ಎರಡು ಲೆಕ್ಕದಲ್ಲೂ ಕೇಳಿದ್ದು ಒಂದೇ ಮಾತು: ಪಾಲು ಬದಲಾದಾಗ ಒಟ್ಟಿನಲ್ಲಿ ಎಷ್ಟು ಬದಲಾಯಿತು? ಕೂಡಿಸುವುದು, ಕಳೆಯುವುದು ಎರಡೂ ಇದೇ ಪ್ರಶ್ನೆಯ ಮಕ್ಕಳು. ಇದು ತಿಳಿದವನಿಗೆ ಸೂತ್ರ ಮರೆತರೂ ನಷ್ಟವಿಲ್ಲ, ನಿಂತಲ್ಲೇ ಹೊಸದು ಮಾಡಿಕೊಳ್ಳುತ್ತಾನೆ.

ಸಿಂಗಾಪುರದಲ್ಲಿ 1980ರ ದಶಕದಿಂದ ಪ್ರಾಥಮಿಕ ಶಾಲೆಯಲ್ಲಿ ಇಂಥ ಲೆಕ್ಕಗಳಿಗೆ ಪಟ್ಟಿಯ ಚಿತ್ರ ಬಿಡಿಸಿ ಕಲಿಸುತ್ತಾರೆ. ಪಟ್ಟಿಯ ಉದ್ದ ನೋಡಿ ಮಗುವೇ ಹೆಚ್ಚು ಕಮ್ಮಿ ಹೇಳಬೇಕು. ನಮ್ಮಲ್ಲೂ ಗಣಿತ ಕಲಿಕಾ ಆಂದೋಲನ ಎಂದು ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗೆ ಸಾಮಗ್ರಿಗಳ ಕಿಟ್ ಬಂದಿದೆ. ಒಳ್ಳೆಯದೇ. ಆದರೆ ಕಿಟ್ ಕಪಾಟಿನಲ್ಲಿದ್ದರೆ ಮಗುವಿಗೆ ಏನು ಬಂತು? ಬೆಂಚಿನ ಮೇಲೆ ಬರಬೇಕು. ಕಿಟ್ ಇಲ್ಲದ ಕಡೆ ಹುಣಸೆ ಬೀಜ ಧಾರಾಳ ಸಾಕು.

ಮಾಸ್ಟ್ರುಗಳ ಕಷ್ಟವನ್ನೂ ಹೇಳಬೇಕು. 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರು ಎಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕ. ತರಗತಿ ಐದು, ಶಿಕ್ಷಕರು ಎರಡು. ಇದೇ ಒಂದು ಕೊರತೆಯ ಲೆಕ್ಕ! ಬಿಸಿಯೂಟದ ಪುಸ್ತಕ, ಸಭೆ, ಆನ್‌ಲೈನ್ ಮಾಹಿತಿ ಬೇರೆ. ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ.

ನಮ್ಮದೇ ಗಂಟು

ಈ ಲೆಕ್ಕ ನಿನ್ನೆ ಮೊನ್ನೆ ಗೈಡಿನಲ್ಲಿ ಹುಟ್ಟಿದ್ದಲ್ಲ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಚೀನಾದ ಗಣಿತ ಗ್ರಂಥವೊಂದರಲ್ಲಿ ಒಂಬತ್ತು ಅಧ್ಯಾಯಗಳಿವೆ. ಏಳನೆಯದರ ಹೆಸರೇ ‘ಹೆಚ್ಚು ಮತ್ತು ಕೊರತೆ’. ಅದರ ಮೊದಲನೇ ಲೆಕ್ಕ ಅಪ್ಪಟ ಪೇಟೆಯದ್ದು. ಕೆಲವರು ಪಾಲು ಹಾಕಿ ಒಂದು ವಸ್ತು ಕೊಳ್ಳುತ್ತಾರೆ. ತಲೆಗೆ 8 ಕೊಟ್ಟರೆ 3 ಹೆಚ್ಚು, 7 ಕೊಟ್ಟರೆ 4 ಕಮ್ಮಿ. ಜನ 7, ಬೆಲೆ 53. ಅರಬ್ಬರಲ್ಲೂ ಈ ವಿಧಾನ ಬಳಕೆಯಲ್ಲಿತ್ತು. 1202ರಲ್ಲಿ ಇಟಲಿಯ ಫಿಬೊನಾಚಿ ತನ್ನ ಲೆಕ್ಕದ ಪುಸ್ತಕದಲ್ಲಿ ಅರಬ್ಬೀ ಹೆಸರಿನಿಂದಲೇ ಅದನ್ನು ಬರೆದ. ವ್ಯಾಪಾರಿಗಳಿಗೆ ಬೇಕಾದ ವಿದ್ಯೆ ವ್ಯಾಪಾರದ ದಾರಿಯಲ್ಲೇ ಊರೂರು ತಿರುಗುತ್ತದೆ.

ಅಷ್ಟು ದೂರ ಯಾಕೆ? ಇಲ್ಲೇ ಮೂಡುಬಿದಿರೆಗೆ ಬನ್ನಿ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಆ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದ ಸಮೇತ ಸಂಪಾದಿಸಿ, 1912ರಲ್ಲಿ ಮದರಾಸು ಸರ್ಕಾರದ ಮೂಲಕ ಅಚ್ಚಾಯಿತು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಅವರು ತಾಳೆ ನೋಡಿದ ಪ್ರತಿಗಳಲ್ಲಿ ಒಂದು ಎಲ್ಲಿಯದ್ದು ಗೊತ್ತುಂಟಾ? ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ನಕಲು ಮಾಡಿದ್ದು.

ಆ ಗ್ರಂಥದಲ್ಲಿ ಹಣ್ಣಿನ ಲೆಕ್ಕ ಉಂಟು, ಬಡ್ಡಿಯ ಲೆಕ್ಕ ಉಂಟು, ಚಿನ್ನದ ಬೆರಕೆಯ ಲೆಕ್ಕ ಉಂಟು. ಅಡಿಗೆಗೂ ಔಷಧಕ್ಕೂ ಮನೆ ಕಟ್ಟುವುದಕ್ಕೂ ಗಣಿತ ಬೇಕು ಎಂದು ಆಚಾರ್ಯ ಆರಂಭದಲ್ಲೇ ಹೇಳುತ್ತಾನೆ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರ ಗಣಿತ’ ಬರೆದ. ಹೆಸರು ನೋಡಿ, ವ್ಯವಹಾರ! ಅಂಗಡಿ ಜಗಲಿಗೂ ಗಣಿತಕ್ಕೂ ಇದ್ದ ಈ ನಂಟನ್ನು ಕಡಿದುಕೊಂಡವರು ನಾವು.

ಜಗಲಿಯ ಶಾಲೆ

ಹೇಗೆ ಕಡಿಯಿತು? ಮೊದಲು ಮಗುವಿನ ಕೈಗೆ ದುಡ್ಡು ಕೊಟ್ಟು ಜಿನಸು ಅಂಗಡಿಗೆ ಕಳಿಸುತ್ತಿದ್ದರು. ತೆಂಗಿನೆಣ್ಣೆ, ಬೆಲ್ಲ, ಬೆಂಕಿಪೆಟ್ಟಿಗೆ. ದಾರಿಯುದ್ದ ಅದು ಚಿಲ್ಲರೆ ಎಣಿಸುತ್ತಾ ಬರುತ್ತಿತ್ತು. ಎರಡು ರೂಪಾಯಿ ಹೆಚ್ಚು ಬಂದರೆ ವಾಪಸು ಕೊಡಲು ಓಡುತ್ತಿತ್ತು, ಒಂದು ಕಮ್ಮಿ ಬಂದರೆ ಮನೆಯಲ್ಲಿ ಬೈಗಳು. ಹೆಚ್ಚು ಕಮ್ಮಿಯ ಪಾಠ ಅಲ್ಲೇ ಆಗುತ್ತಿತ್ತು. 2016ರಲ್ಲಿ ಯುಪಿಐ ಬಂತು. ಈಗ ಸೋಡಾ ಅಂಗಡಿಯಲ್ಲೂ ಕ್ಯೂಆರ್ ಹಲಗೆ ತೂಗುತ್ತಿದೆ. ಅನುಕೂಲ ಇಲ್ಲವೆನ್ನುವುದಿಲ್ಲ, ಅಂಗಡಿಯವರಿಗೆ ಚಿಲ್ಲರೆಯ ತಲೆಬಿಸಿ ತಪ್ಪಿತು. ಆದರೆ ಮಗುವಿಗೆ ಸಿಗುತ್ತಿದ್ದ ಬಿಟ್ಟಿ ಟ್ಯೂಷನ್ನೂ ತಪ್ಪಿತು. ಆ ಜಾಗಕ್ಕೆ ಈಗ ದುಡ್ಡು ಕೊಟ್ಟು ಸೂತ್ರ ತರುತ್ತಿದ್ದೇವೆ.

ಕ್ಯೂಆರ್ ಹಲಗೆ ಕಿತ್ತು ಹಾಕಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅಂಗಡಿಯವರೇ, ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳು ಮಿಠಾಯಿಗೆ ಬಂದಾಗ ಒಂದು ಸಣ್ಣ ಲೆಕ್ಕ ಹಾಕಿ. ಉತ್ತರ ನೀವು ಹೇಳಬೇಡಿ. ಮಗು ಹೇಳಿದ ಉತ್ತರ ಸರಿ ಇದ್ದರೂ ‘ಹೇಗೆ ಬಂತು?’ ಎಂದು ಕೇಳಿ. ಬಸ್ಸಿನಲ್ಲಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡ ಅಪ್ಪ ಅಮ್ಮಂದಿರೇ, ಹೊತ್ತು ಹೋಗುವುದಕ್ಕೆ ಇದನ್ನು ಕೇಳಿ: ಧರ್ಮಸ್ಥಳದ ಲಕ್ಷದೀಪಕ್ಕೆ ಕೆಲವರು ಸೇರಿ ಜೀಪು ಗೊತ್ತು ಮಾಡಿದರು. ತಲೆಗೆ 50 ರೂಪಾಯಿ ಹಾಕಿದರೆ 40 ಕಮ್ಮಿ, 60 ಹಾಕಿದರೆ 30 ಹೆಚ್ಚು. ಎಷ್ಟು ಜನ, ಬಾಡಿಗೆ ಎಷ್ಟು? ಗುರುವಾಯನಕೆರೆ ಬರುವುದರೊಳಗೆ ಏಳು ಜನ, 390 ರೂಪಾಯಿ ಎಂದು ಬರಬೇಕು.

ಮಾಸ್ಟ್ರುಗಳಿಗೆ, ಟೀಚರುಗಳಿಗೆ ಒಂದೇ ಅರಿಕೆ. ಸೂತ್ರ ಹೇಳಿ, ಬೇಡ ಎನ್ನುವುದಿಲ್ಲ. ಬೀಜ ಹಂಚಿಸಿದ ಮೇಲೆ ಹೇಳಿ. ಸೂತ್ರವನ್ನು ಮಗುವಿನ ಬಾಯಿಯಿಂದಲೇ ಬರಿಸಿದರೆ ಇನ್ನೂ ಚೆಂದ. ತಾಳೆ ಹಾಕದ ಉತ್ತರಕ್ಕೆ ಪೂರ್ಣ ಅಂಕ ಕೊಡಬೇಡಿ. ಐದರಂತೆ ಕೊಟ್ಟರೆ 12 ಹೆಚ್ಚು, ಏಳರಂತೆ ಕೊಟ್ಟರೆ 8 ಕಮ್ಮಿ ಎಂಬಲ್ಲಿ ಕೂಡಿಸುವ ಬದಲು ಕಳೆದು ‘2 ಮಕ್ಕಳು’ ಎಂದು ಬರೆದವನು, ತಾಳೆ ಹಾಕಿದರೆ ಒಂದು ಕಡೆ 22, ಇನ್ನೊಂದು ಕಡೆ 6 ಕಂಡು ತಾನೇ ಬೆಚ್ಚಿ ಬೀಳುತ್ತಾನೆ. ಉತ್ತರ 10 ಮಕ್ಕಳು, 62 ಎಂದು ತಾನೇ ತಿದ್ದಿಕೊಳ್ಳುತ್ತಾನೆ. ಶಾಲಾಭಿವೃದ್ಧಿ ಸಮಿತಿಯವರು ಸಭೆಯಲ್ಲಿ ಗೋಡೆಗೆ ಬಣ್ಣ, ಅಂಗಳಕ್ಕೆ ಇಂಟರ್‌ಲಾಕ್ ಎಂದು ಕೇಳುವಾಗ, ನಮ್ಮ ಮಕ್ಕಳು ತಾಳೆ ಹಾಕುತ್ತಾರಾ ಎಂದೂ ಒಂದು ಮಾತು ಕೇಳಲಿ.

ಇದು ನವೋದಯದ ಒಂದು ಸೀಟಿನ ಮಾತು ಮಾತ್ರ ಅಲ್ಲ. ‘ಕೂಡಿಸುವುದಾ, ಕಳೆಯುವುದಾ’ ಎಂದು ಇನ್ನೊಬ್ಬರ ಮುಖ ನೋಡಿ ಬೆಳೆದವನು ನಾಳೆ ಅಡಿಕೆ ಮಾರಿದ ಚೀಟಿ, ಸೊಸೈಟಿ ಸಾಲದ ಪಾಸ್‌ಬುಕ್, ಫೈನಾನ್ಸಿನವನ ಕಂತಿನ ಕಾಗದ ಹಿಡಿದುಕೊಂಡೂ ಇನ್ನೊಬ್ಬರ ಮುಖವನ್ನೇ ನೋಡಬೇಕಾಗುತ್ತದೆ. ಆಗ ಹೆಚ್ಚು ಯಾರಿಗೆ, ಕಮ್ಮಿ ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಮನೆಗೊಂದು ಲೆಕ್ಕ ಕೊಂಡು ಹೋಗಿ. ಆಳಿಗೆ 4 ಸೇರಿನಂತೆ ಅಕ್ಕಿ ಅಳೆದರೆ 10 ಸೇರು ಉಳಿಯಿತು. 6 ಸೇರಿನಂತೆ ಅಳೆಯಹೋದರೆ 6 ಸೇರು ಕಮ್ಮಿ ಬಿತ್ತು. ಆಳು ಎಷ್ಟು, ಅಕ್ಕಿ ಎಷ್ಟು? ಮಗು ಉತ್ತರ ಹೇಳಲಿ, ಅಜ್ಜಿ ತಾಳೆ ನೋಡಲಿ. ಅಕ್ಕಿ ಸರಿಯಾಗಿ ಒಂದು ಮುಡಿ ಬಂದರೆ ಲೆಕ್ಕ ಸರಿ. ಮುಡಿಗೆ ಎಷ್ಟು ಸೇರು ಎಂದು ಮಗುವಿಗೆ ಗೊತ್ತಿಲ್ಲದಿದ್ದರೆ, ಅದನ್ನೂ ಅಜ್ಜಿಯ ಹತ್ತಿರವೇ ಕೇಳಲಿ.