ಗಾಂಧಿ ಕ್ಲಾಸಿನ ಲೆಕ್ಕ ಬರೆಯೋರು ಯಾರು?

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಇತ್ತೀಚೆಗೆ ಹಳೇ ಟಾಕೀಸುಗಳ ಫೋಟೋ ಹಾಕೋದು ಜೋರಾಗಿದೆ. ಪಾಚಿ ಕಟ್ಟಿದ ಗೋಡೆ, ತುಕ್ಕು ಹಿಡಿದ ಗೇಟು, ಮುಚ್ಚಿಹೋದ ಟಿಕೆಟ್ ಕಿಟಕಿ, ಹಿಂದೆ ಅಣ್ಣಾವ್ರ ಹಾಡು. ಕೆಳಗೆ ‘ಆ ದಿನಗಳೇ ಚೆಂದ’ ಅಂತ ನೂರಾರು ಕಾಮೆಂಟು. ನಾನೂ ನೋಡ್ತೀನಿ, ನನಗೂ ಒಳಗೆ ಏನೋ ಆಗ್ತದೆ. ಆದರೆ ಯಾರ ದಿನಗಳು ಚೆಂದ ಇದ್ವು ಅಂತ ಅಲ್ಲಿ ಒಬ್ಬರೂ ಕೇಳಲ್ಲ.

ಈ ದಾಖಲಾತಿ ಕೆಲಸವನ್ನ ಶ್ರದ್ಧೆಯಿಂದ ಮಾಡೋರೂ ಇದ್ದಾರೆ, ಅವರನ್ನ ಹಗುರ ಮಾಡೋ ಉದ್ದೇಶ ನನಗಿಲ್ಲ. ಸಿನಿಮಾ ಛಾಯಾಗ್ರಾಹಕ ಹೇಮಂತ್ ಚತುರ್ವೇದಿ 2019ರಿಂದ ಊರೂರು ಸುತ್ತಿ ಒಂಟಿ ಪರದೆಯ ಚಿತ್ರಮಂದಿರಗಳ ಫೋಟೋ ತೆಗೀತಿದ್ದಾರೆ. ಶಿರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಮಹಾರಾಷ್ಟ್ರದ ಜಾತ್ರೆಗಳಲ್ಲಿ ಟೂರಿಂಗ್ ಟಾಕೀಸುಗಳ ಹಿಂದೆ ವರ್ಷಗಟ್ಟಲೆ ಅಲೆದು ‘ದಿ ಸಿನಿಮಾ ಟ್ರಾವೆಲರ್ಸ್’ ಮಾಡಿದರು, 2016ರಲ್ಲಿ ಅದು ಕಾನ್ ತನಕ ಹೋಯ್ತು. ದೊಡ್ಡ ಕೆಲಸಗಳು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಟಾಕೀಸಿನ ನೆಲದ ಮೇಲೆ ಕೂತವರ ಕಥೆಯನ್ನ ಬಾಂಬೆಯಿಂದ ಬಂದವರು ಬರೀಲಿ ಅಂತ ಕಾಯೋದು ಸರಿಯಲ್ಲ. ಅದು ನಮ್ಮ ಪಾಲಿನ ಕೆಲಸ.

ಯಾಕೆ ನಮ್ಮದು ಅಂದರೆ, ಸಂವಿಧಾನದ 15(2)ನೇ ವಿಧಿಯನ್ನ ಒಂದ್ಸಲ ತೆಗೆದು ನೋಡಿ. ಧರ್ಮ, ಜಾತಿ, ಲಿಂಗ ಇತ್ಯಾದಿ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯಿಂದ ದೂರ ಇಡುವಂತಿಲ್ಲ ಅನ್ನೋದು ಎಲ್ಲರಿಗೂ ನೆನಪಿರ್ತದೆ. ಅದೇ ಪಟ್ಟಿಯಲ್ಲಿ ಸಾರ್ವಜನಿಕ ಮನರಂಜನೆಯ ಸ್ಥಳಗಳೂ ಇವೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲೂ ಇವೆ. ಬಾವಿ ಹೋರಾಟದ ಚರಿತ್ರೆ ಬರೆದಿದ್ದೀವಿ, ಚೌಡಾರ್ ಕೆರೆ ನಮಗೆ ಬಾಯಿಪಾಠ. ದೇವಸ್ಥಾನ ಪ್ರವೇಶದ್ದೂ ಬರೆದಿದ್ದೀವಿ. ಟಾಕೀಸಿಗೆ ನಾವು ಯಾವಾಗ, ಯಾವ ಬಾಗಿಲಿಂದ ಹೊಕ್ಕೆವು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ನಮ್ಮಪ್ಪನ ಕಾಲಕ್ಕೆ ನಮ್ಮೂರಲ್ಲಿ ಇದ್ದದ್ದು ಟೆಂಟು. ಸಾಯಂಕಾಲ ಘಂಟಸಾಲ ಅವರ ವೆಂಕಟೇಶನ ಹಾಡು ಮೈಕಿನಲ್ಲಿ ಬಂತು ಅಂದ್ರೆ ಆಟ ಶುರುವಾಗೋ ಹೊತ್ತಾಯ್ತು ಅಂತ. ಆ ಹಾಡು ಊರಿಗೂ ಕೇಳ್ತಿತ್ತು, ಕೇರಿಗೂ ಕೇಳ್ತಿತ್ತು. ಒಳಗೆ ಮುಂದೆ ಮರಳು, ಹಿಂದೆ ಬೆಂಚು, ಅದರ ಹಿಂದೆ ಚೇರು. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ಮರಳಿನ ಜಾಗಕ್ಕೆ ಗಾಂಧಿ ಕ್ಲಾಸು ಅಂತ ಹೆಸರು. ಈ ಹೆಸರು ಕೇಳಿದಾಗೆಲ್ಲ ನನಗೆ ನಗು ಬರ್ತದೆ. ಅಂಬೇಡ್ಕರ್ ಅವರು ಜೀವಮಾನವಿಡೀ ಗಾಂಧಿ ಜೊತೆ ವಾದ ಮಾಡಿದರು, ನಮ್ಮನ್ನ ಕೊನೆಗೂ ಕೂರಿಸಿದ್ದು ಗಾಂಧಿ ಕ್ಲಾಸಿನಲ್ಲೇ!

ಆದರೆ ಆ ಮರಳಿಗೆ ಒಂದು ಗುಣ ಇತ್ತು. ದೀಪ ಆರಿದ ಮೇಲೆ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಮರಳನ್ನ ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರ್ತಿದ್ರಂತೆ, ಹಿಂದಿನವನು ಬೈದರೆ ಗುಡ್ಡೆ ಕೆಡವೋದು. ಗೌಡರ ಜೀತದಾಳು, ಗೌಡರ ಮನೆಯ ಪೋಕರಿ ಹುಡುಗ, ಇಬ್ಬರೂ ಒಂದೇ ಮರಳಲ್ಲಿ ಕೂತು ಒಂದೇ ಕಡೆ ಶಿಳ್ಳೆ ಹೊಡೆದಿದ್ದಾರೆ. ಶ್ರೀಲಂಕಾದ ತಮಿಳು ವಿದ್ವಾಂಸ ಕಾರ್ತಿಗೇಸು ಶಿವತಂಬಿ ತಮಿಳು ಸಮಾಜದ ಬಗ್ಗೆ ಇಂಥದ್ದೇ ಮಾತು ಬರೆದಿದ್ದಾರೆ: ಎಲ್ಲ ಜಾತಿಯವರೂ ಒಂದೇ ಸೂರಿನಡಿ ಕೂತ ಮೊದಲ ಪ್ರದರ್ಶನದ ಜಾಗ ಸಿನಿಮಾ ಹಾಲು, ಅಲ್ಲಿ ಜಾಗ ಸಿಕ್ಕಿದ್ದು ಹುಟ್ಟಿನಿಂದಲ್ಲ, ಕೊಟ್ಟ ಕಾಸಿನಿಂದ ಅಂತ.

ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಭಾಗ ಇರೋದು ಇಂಟರ್‌ವಲ್ಲಿನಲ್ಲಿ. ದೀಪ ಹತ್ತಿಕೊಂಡ ಕೂಡಲೇ ಜಾತಿ ವಾಪಸ್ ಬರ್ತಿತ್ತು. ಟೆಂಟಿನ ಹೊರಗಿನ ಚಹಾ ಅಂಗಡಿಯಲ್ಲಿ ನಮ್ಮೋರಿಗೆ ಬೇರೆ ಲೋಟ. ಕುಡಿದು, ತೊಳೆದು, ಚಪ್ಪರದ ಕಂಬದ ಹತ್ತಿರ ಬೋರಲು ಹಾಕಿ ಬರಬೇಕು. ಒಳಗೆ ಒಂದೂವರೆ ಗಂಟೆ ಪಕ್ಕದಲ್ಲಿ ಕೂತವನೇ ಇಲ್ಲಿ ನಾಲ್ಕು ಮಾರು ದೂರ ನಿಲ್ತಿದ್ದ. ಎರಡನೇ ಬೆಲ್ಲು ಆದರೆ ಮತ್ತೆ ಒಂದೇ ಮರಳು. ನಮ್ಮಪ್ಪ ಇದನ್ನ ಸಿಟ್ಟಿನಿಂದ ಹೇಳ್ತಿರಲಿಲ್ಲ, ಮಳೆ ಬಂತು ಹೋಯ್ತು ಅನ್ನೋ ಹಾಗೆ ಹೇಳ್ತಿದ್ದ. ಫೋಟೋ ಪುಸ್ತಕದಲ್ಲಿ ಟಿಕೆಟ್ ಕಿಟಕಿ ಬರ್ತದೆ, ಆ ಬೋರಲು ಲೋಟ ಎಲ್ಲಿ ಬರ್ತದೆ ಹೇಳಿ?

ಇನ್ನು ಕೆಲಸದವರು. ಹೊಸ ಪಿಚ್ಚರ್ ಬಂದಾಗ ಎತ್ತಿನಗಾಡಿಗೆ ಪೋಸ್ಟರ್ ಕಟ್ಟಿ, ಮುಂದೆ ತಮಟೆ ಬಡೀತಾ ಹಳ್ಳಿ ಹಳ್ಳಿ ತಿರುಗ್ತಿದ್ದದ್ದು ನಮ್ಮ ದೊಡ್ಡಪ್ಪ ಮತ್ತು ಅವನ ಜೊತೆಯವರು. ಕೂಲಿ ಅಂದರೆ ಚಿಲ್ಲರೆ ಕಾಸು ಮತ್ತು ಎರಡು ಟಿಕೆಟು. ಮೈದಾ ಅಂಟು ಕಲಸಿ ರಾತ್ರಿ ಗೋಡೆಗೆ ಪೋಸ್ಟರ್ ಹಚ್ಚಿದವರು, ರೀಲಿನ ಡಬ್ಬಿಯನ್ನ ಒಂದು ಊರಿಂದ ಇನ್ನೊಂದು ಊರಿಗೆ ಸೈಕಲ್ಲಲ್ಲಿ ಹೊತ್ತು ಓಡಿದವರು, ಆಟ ಮುಗಿದ ಮೇಲೆ ಕಡಲೆಕಾಯಿ ಸಿಪ್ಪೆ, ಬೀಡಿ ತುಂಡು, ಎಲೆ ಅಡಿಕೆ ಉಗುಳು ಗುಡಿಸಿದವರು, ಕಕ್ಕಸು ತೊಳೆದವರು. ‘ಬಂಗಾರದ ಮನುಷ್ಯ’ ಎಷ್ಟು ವಾರ ಓಡ್ತು ಅಂತ ಕೇಳಿ, ದಾರೀಲಿ ಹೋಗೋರೂ ಹೇಳ್ತಾರೆ. ಅಷ್ಟೂ ವಾರ ನೆಲ ಗುಡಿಸಿದವರ ಹೆಸರು ಕೇಳಿ ನೋಡಿ.

ಆಪರೇಟರ್ ಕೆಲಸ ಮಾತ್ರ ನಮ್ಮೋರಿಗೆ ಸುಲಭಕ್ಕೆ ಸಿಗ್ತಿರಲಿಲ್ಲ. ಕಾರ್ಬನ್ ಕಡ್ಡಿ ಸುಟ್ಟುಕೊಂಡು ಬೆಳಕು ಕೊಡೋದು, ಎರಡು ಪ್ರೊಜೆಕ್ಟರಿನ ನಡುವೆ ರೀಲು ಬದಲಾಯಿಸೋದು ಹುನ್ನಾರದ ಕೆಲಸ. ನಮ್ಮೂರ ಟಾಕೀಸಿನಲ್ಲಿ (ಟೆಂಟು ಹೋಗಿ ಆಮೇಲೆ ಕಟ್ಟಡ ಬಂತು. ಓನರ್ ಮನೆಯವರು ಊರಲ್ಲೇ ಇದ್ದಾರೆ, ಹೆಸರು ಬೇಡ) ನಮ್ಮ ಕೇರಿಯ ಒಬ್ಬರು ಗುಡಿಸುವ ಕೆಲಸಕ್ಕೆ ಸೇರಿ, ನೋಡ್ತಾ ನೋಡ್ತಾ ಕಲಿತು, ಕೊನೆಗೆ ಕ್ಯಾಬಿನ್ನಿಗೆ ಹತ್ತಿದರು. ಆ ಕಬ್ಬಿಣದ ಮೆಟ್ಟಿಲು ಹತ್ತೋಕೆ ಅವರಿಗೆ ಹದಿನಾಲ್ಕು ವರ್ಷ ಹಿಡೀತು. ಹತ್ತಿ ಕೆಲವೇ ವರ್ಷಕ್ಕೆ ರೀಲು ಹೋಗಿ ಸ್ಯಾಟಲೈಟು, ಹಾರ್ಡ್‌ಡಿಸ್ಕು ಬಂತು. ಗುಂಡಿ ಒತ್ತೋಕೆ ಅಷ್ಟು ಜನ ಬೇಕಿಲ್ಲ ಅಂತ ಮನೆಗೆ ಕಳಿಸಿದರು. ಅವರ ಹತ್ತಿರ ಅಪಾಯಿಂಟ್‌ಮೆಂಟ್ ಆರ್ಡರ್ ಇಲ್ಲ, ಪಿಎಫ್ ಇಲ್ಲ. ಅಷ್ಟು ವರ್ಷ ದುಡಿದದ್ದಕ್ಕೆ ಒಂದು ಚೀಟಿಯೂ ಇಲ್ಲ.

ಚೀಟಿ ಅಂದೆ. ನನ್ನ ಹೊಟ್ಟೆಪಾಡು ಕಡತದ ಕೆಲಸ, ಅದಕ್ಕೇ ಇಲ್ಲಿಂದ ಮುಂದೆ ಸ್ವಲ್ಪ ಆಫೀಸ್ ಭಾಷೆ ಬರ್ತದೆ. ಟಾಕೀಸು ಕಾಗದ ಇಲ್ಲದೆ ನಡೀತಿರಲಿಲ್ಲ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಕೊಡೋರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿ.ಸಿ. ಸಾಹೇಬರು. ಲೈಸೆನ್ಸಿನ ಕಡತದಲ್ಲಿ ಕಟ್ಟಡದ ನಕ್ಷೆ ಇರ್ತದೆ. ಯಾವ ಕ್ಲಾಸಿಗೆ ಎಷ್ಟು ಸೀಟು, ಬಾಗಿಲು ಎಲ್ಲಿ, ಕಕ್ಕಸು ಎಲ್ಲಿ ಅಂತ ನಕ್ಷೆ ನೋಡಿದರೆ ಗೊತ್ತಾಗ್ತದೆ. ಗಾಂಧಿ ಕ್ಲಾಸಿನವರು ಹಿಂದಿನ ಸಂದಿಯಿಂದ ಬಂದು ಹೋಗಬೇಕಿತ್ತಾ, ಬಾಲ್ಕನಿಯವರಿಗೆ ಮುಂದಿನ ಮೆಟ್ಟಿಲಾ, ಇದಕ್ಕೆ ಯಾರ ನೆನಪನ್ನೂ ಕೆದಕಬೇಕಿಲ್ಲ. ಮನರಂಜನಾ ತೆರಿಗೆಯದ್ದು ಇನ್ನೊಂದು ಖಜಾನೆ. 1958ರ ಕಾಯ್ದೆ, 2017ರ ಜುಲೈಯಲ್ಲಿ ಜಿಎಸ್‌ಟಿ ಬರೋ ತನಕ ಇತ್ತು. ಟಿಕೆಟ್ ಮೇಲೆ ತೆರಿಗೆ ಕಟ್ಟಿದ ಕಾಲದ ದಿನದ ಲೆಕ್ಕಗಳು ಎಲ್ಲಾದರೂ ಉಳಿದಿದ್ದರೆ, ಯಾವ ಪಿಚ್ಚರಿಗೆ ನೆಲದ ಮೇಲೆ ಎಷ್ಟು ಜನ ಕೂತರು ಅಂತ ಅಂಕಿ ಸಮೇತ ಸಿಗ್ತದೆ. ನಮ್ಮ ಜನರ ರುಚಿಯ ಬಗ್ಗೆ ಇದಕ್ಕಿಂತ ಒಳ್ಳೆ ದಾಖಲೆ ಯಾವುದಿದೆ?

ಭಯ ಏನಂದರೆ, ಟಾಕೀಸು ಮುಚ್ಚಿದರೆ ಕಡತವೂ ಮುಗೀತು. ರೆಕಾರ್ಡ್ ರೂಮಿನಲ್ಲಿ ‘ಎ’ ಅಂತ ಬರೆದ ಕಡತ ಶಾಶ್ವತ, ಮಿಕ್ಕ ಅಕ್ಷರಗಳಿಗೆಲ್ಲ ಆಯಸ್ಸು ಇದೆ. ಆಯಸ್ಸು ತೀರಿದ ಕಡತ ಮೂಟೆ ಕಟ್ಟಿಕೊಂಡು ಹೋಗ್ತದೆ. ಕಟ್ಟಡ ಕೆಡವೋದು ಎಲ್ಲರಿಗೂ ಕಾಣ್ತದೆ, ಬೆಂಗಳೂರಿನ ಪ್ಲಾಜಾ, ಕಪಾಲಿ ಹೋದಾಗ ಪೇಪರಿನವರು ಕಣ್ಣೀರು ಹಾಕಿ ಬರೆದರು. ಮೂಟೆ ಹೋಗೋದು ಯಾರಿಗೂ ಕಾಣಲ್ಲ. ಆದ್ದರಿಂದ ನನ್ನ ಒತ್ತಾಯ ಇಷ್ಟು: ಮುಚ್ಚಿದ ಚಿತ್ರಮಂದಿರಗಳ ಲೈಸೆನ್ಸ್ ಕಡತಗಳನ್ನ ನಾಶ ಮಾಡದೆ ರಾಜ್ಯ ಪತ್ರಾಗಾರಕ್ಕೆ ಕಳಿಸಬೇಕು ಅಂತ ಪ್ರತಿ ಜಿಲ್ಲೆಯಲ್ಲೂ ಡಿ.ಸಿ.ಗೆ ಮನವಿ ಹೋಗಲಿ. ಜೊತೆಗೆ ಒಂದೊಂದು ಆರ್‌ಟಿಐ ಅರ್ಜಿ. ಬಿಪಿಎಲ್ ಕಾರ್ಡ್ ಇರೋರ ಹೆಸರಲ್ಲಿ ಹಾಕಿದರೆ ಶುಲ್ಕವೂ ಇಲ್ಲ. ಕಟ್ಟಡದ ಜಾಗ ಯಾರದ್ದು, ಪುರಸಭೆ ಗುತ್ತಿಗೆಗೆ ಕೊಟ್ಟಿದ್ದಾ, ಅವಧಿ ಮುಗಿದಿದೆಯಾ ಅಂತ ಬೇರೆ ಅರ್ಜಿಯಲ್ಲಿ ಕೇಳಿ. ಗುತ್ತಿಗೆ ಮುಗಿದ ಜಾಗ ಸಿಕ್ಕರೆ ಲೈಬ್ರರಿಗೋ ಹಾಸ್ಟೆಲ್ಲಿಗೋ ಕೇಳೋ ದಾರಿ ತೆರೀತದೆ.

ಯಾಕೆ ಮುಚ್ಚಿದವು ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಟಿವಿ, ವಿಡಿಯೋ ಕ್ಯಾಸೆಟ್ಟು, ಕೇಬಲ್ಲು, ಮೊಬೈಲು, ಕೊನೆಗೆ 2020ರ ಲಾಕ್‌ಡೌನು. ಎಲ್ಲಕ್ಕಿಂತ ಹೆಚ್ಚಾಗಿ ಜಾಗದ ಬೆಲೆ. ಬಸ್‌ಸ್ಟ್ಯಾಂಡ್ ಪಕ್ಕದ ಅರ್ಧ ಎಕರೆಯಲ್ಲಿ ಆಟ ಓಡಿಸೋದಕ್ಕಿಂತ ಕಲ್ಯಾಣ ಮಂಟಪ ಲಾಭ. ನಮ್ಮೂರಲ್ಲಿ ಆಗಿರೋದೂ ಅದೇ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಅಂತ 2025ರ ಬಜೆಟ್‌ನಲ್ಲಿ ಹೇಳಿದಾಗ ದೊಡ್ಡ ಚರ್ಚೆ ಆಯ್ತು, ಕೋರ್ಟಿಗೂ ಹೋಯ್ತು. ನಮ್ಮ ತಾಲ್ಲೂಕಿನಲ್ಲಿ ಟಾಕೀಸೇ ಇಲ್ಲ, ಮಿತಿ ಇದ್ದರೆಷ್ಟು ಬಿಟ್ಟರೆಷ್ಟು? ಜಿಲ್ಲಾ ಕೇಂದ್ರದ ಮಾಲಿಗೆ ಹೋಗಿ ಬರೋ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಸೇರಿಸಿ ಲೆಕ್ಕ ಹಾಕಿ.

ನನಗೆ ಹೆಚ್ಚು ನೋವು ಮಾಡೋದು ಬೇರೆ. ‘ಚೋಮನ ದುಡಿ’ 1975ರ ಸಾಲಿನ ರಾಷ್ಟ್ರಪ್ರಶಸ್ತಿ ತಗೊಂತು, ನಮ್ಮೂರ ಟೆಂಟಿಗೆ ಬರಲೇ ಇಲ್ಲ. ನಮ್ಮಪ್ಪ ಅದನ್ನ ನೋಡಿದ್ದು ಎಷ್ಟೋ ವರ್ಷ ಆದಮೇಲೆ ಪಂಚಾಯ್ತಿ ಟಿವಿಯಲ್ಲಿ. ಮರಳಿನ ಮೇಲೆ ಕೂತು ನಾವು ನೋಡಿದ್ದೆಲ್ಲ ಬೇರೆಯವರ ಕಥೆ, ಅದಕ್ಕೇ ಶಿಳ್ಳೆ ಹೊಡೆದಿದ್ದು. ನಮ್ಮ ಕಥೆಯನ್ನ ತಲೆ ಎತ್ತಿ ಹೇಳೋ ಸಿನಿಮಾಗಳು ಬರೋ ಹೊತ್ತಿಗೆ ಟಾಕೀಸು ಮುಚ್ಚಿತ್ತು. 2021ರ ನವೆಂಬರಿನಲ್ಲಿ ‘ಜೈ ಭೀಮ್’ ನೇರ ಓಟಿಟಿಗೇ ಬಂತು. ನಮ್ಮ ಕೇರಿಯಲ್ಲಿ ಹುಡುಗರು ಒಂದು ಮೊಬೈಲಿಗೆ ಏಳು ತಲೆ ಜೋಡಿಸಿ ನೋಡಿದರು. ಅತ್ತರು ಕೂಡ. ಆದರೆ ಕೇರಿಯವರು ಕೇರಿಯೊಳಗೇ ಅತ್ತರು. ಗೌಡರ ಹುಡುಗ ಪಕ್ಕದಲ್ಲಿರಲಿಲ್ಲ.

ಈಗ ಕೆಲಸದ ಮಾತು. ನಿಮ್ಮೂರ ಟಾಕೀಸಿನಲ್ಲಿ ಗೇಟ್ ಕಾದವರು, ಗುಡಿಸಿದವರು, ತಮಟೆ ಬಡಿದವರು ಬದುಕಿದ್ದರೆ ಈ ತಿಂಗಳೇ ಹೋಗಿ ಮಾತಾಡಿಸಿ. ಎಲ್ಲರಿಗೂ ಎಪ್ಪತ್ತು ದಾಟಿದೆ, ಕಾಯೋಕಾಗಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಒಪ್ಪಿಗೆ ಕೇಳದೆ ಹೆಸರು, ಮುಖ ಹಾಕಬೇಡಿ. ಚಹಾ ಅಂಗಡಿಯ ಲೋಟದ ವಿಷಯ ತಪ್ಪದೆ ಕೇಳಿ, ತಾವಾಗೇ ಹೇಳಲ್ಲ. ಅಮ್ಮಂದಿರನ್ನ ಬೇರೆಯಾಗಿ ಕೂರಿಸಿಕೊಂಡು ಕೇಳಿ. ಹೆಂಗಸರ ಕಡೆಯ ಮರಳಲ್ಲಿ ಏನು ನಡೀತಿತ್ತು ಅಂತ ನಮಗೆ ಗಂಡಸರಿಗೆ ಏನೇನೂ ಗೊತ್ತಿಲ್ಲ. ಕಡತ ಸಿಕ್ಕಿದವರು ನಕ್ಷೆಯ ಪುಟವನ್ನ ಮೊದಲು ಕಳಿಸಿ. ಅರ್ಜಿಯ ನಮೂನೆ ಬರೆದಿಟ್ಟಿದ್ದೀನಿ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಜಿಲ್ಲೆ ತಾಲ್ಲೂಕು ತಿಳಿಸಿ. ನಾನು ಈ ಭಾನುವಾರ ಆ ಆಪರೇಟರ್ ಮಾವನ ಮನೆಗೆ ಹೋಗ್ತಿದ್ದೀನಿ.

ಜೈಭೀಮ್.